ಹೊಟ್ಟೆ ತುಂಬಿದ ಕೌದಿ

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ಅಂಗಡಿಗಳ ಕಡೆ ಹೋದವರಿಗೆ ಮೊದಲು ಸೀನು ಬರುತ್ತದೆ, ಆಮೇಲೆ ಶರಣಮ್ಮ ಕಾಣುತ್ತಾಳೆ. ಕೆಂಪು ಗುಡ್ಡದಂಥ ರಾಶಿಯ ಮುಂದೆ, ಮೂಗಿಗೆ ಸೆರಗು ಬಿಗಿದು, ಸಾಲಾಗಿ ಕೂತು ಕಾಯಿಯ ತೊಟ್ಟು ಮುರಿಯುವ ಹೆಂಗಸರಲ್ಲಿ ಬಾಯಿಗೆ ಬಿಡುವು ಕೊಡದವಳು ಯಾರೋ ಅವಳೇ ಶರಣಮ್ಮ. ಹುಮನಾಬಾದ್ ಕಡೆಯವಳು. ಮದುವೆಯಾಗಿ ಹಡಪಸರಕ್ಕೆ ಬಂದವಳು ಗಂಡ ತೀರಿಕೊಂಡ ಮೇಲೂ ಅಲ್ಲೇ ಉಳಿದಳು, ಒಬ್ಬ ಮಗಳನ್ನು ಬೆಳೆಸಿ ಲಗ್ನ ಮಾಡಿ ಕಳಿಸಿದಳು.

ಈ ಕೆಲಸದವರ ಅಂಗೈಯ ಖಾರ ಎಷ್ಟು ತಿಕ್ಕಿ ತೊಳೆದರೂ ಹೋಗುವುದಿಲ್ಲ. ಅದಕ್ಕೇ ಶರಣಮ್ಮ ಕೂಸುಗಳನ್ನು ಮುದ್ದಾಡುವಾಗ ಕೈ ಮಗುಚಿ, ಹಿಂಬದಿಯಿಂದ ಕೆನ್ನೆ ಸವರುತ್ತಾಳೆ. ಸ್ವಂತ ಮಗಳ ಕೆನ್ನೆಯನ್ನೂ ಅವಳು ಅಂಗೈಯಿಂದ ಮುಟ್ಟಿದವಳಲ್ಲ.

ಭಾನುವಾರ ಮಧ್ಯಾಹ್ನ ಮಾತ್ರ ಅವಳ ಸೀರೆಗೆ ಸೋಪಿನ ವಾಸನೆ. ಹಡಪಸರದ ಒಂದು ಚರ್ಚಿನಲ್ಲಿ ಬೆಳಿಗ್ಗೆ ಮರಾಠಿ ಆರಾಧನೆ ಮುಗಿದ ಮೇಲೆ ಬೀದರ್ ಕಡೆಯ ಕನ್ನಡದವರು ಸೇರುತ್ತಾರೆ. ಅಂಥ ಒಂದು ಭಾನುವಾರ ಪಾಸ್ಟರ್ ದೇವದಾಸ್ ಎದ್ದು ನಿಂತು, ಸಭೆಯ ಕೆಲವರು ಆಫ್ರಿಕಾದ ಮಲಾವಿ ದೇಶಕ್ಕೆ ಹೋಗುತ್ತಾರೆ, ಅಲ್ಲಿನ ಒಂದು ಬೆಟ್ಟದ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಹಾಡು, ಕಥೆ, ಆಟ, ಮಧ್ಯಾಹ್ನದ ಊಟದ ಸೇವೆ ಮಾಡಿ ಬರುತ್ತಾರೆ ಎಂದರು. ಮುಂದಾಳು ಮಧುಕರ್, ಕೋಲಾರದ ಕಡೆಯವನು, ಐಟಿ ಕಂಪನಿಯ ಕೆಲಸದವನು. ಅಡಿಗೆಗೆ ಒಬ್ಬರು ಬೇಕಿತ್ತು.

"ಅಡಗಿ ನಾ ಮಾಡ್ತೀನ್ರಿ," ಎಂದು ಹಿಂದಿನ ಸಾಲಿನಿಂದ ಶರಣಮ್ಮನ ದನಿ ಬಂತು.

"ವಿಮಾನದಾಗ ಹೋಗೂದದರಿ ಅಕ್ಕಾ," ಎಂದರು ಪಾಸ್ಟರ್.

"ಮತ್ತ ನಾ ಏನ್ ಟೆಂಪೊ ಅಂತ ತಿಳ್ಕೊಂಡೀನೇನ್ರಿ?"

ಸಭೆ ನಕ್ಕಿತು, ಕೆಲಸ ಅವಳಿಗೇ ಬಂತು. ಆದರೆ ಅವತ್ತು ಪಾಸ್ಟರ್ ಇನ್ನೊಂದು ಮಾತು ಹೇಳಿದ್ದರು. ಆಗ ಅಲ್ಲಿ ಚಳಿಗಾಲವಂತೆ, ಮಕ್ಕಳು ಚಾಪೆಯ ಮೇಲೆ ಹೊದಿಕೆಯಿಲ್ಲದೆ ಮಲಗುತ್ತಾರಂತೆ.

"ಆಫ್ರಿಕಾದಾಗ ಥಂಡಿ?" ಸಭೆಗೆಲ್ಲ ಹಿರಿಯಳಾದ ಅಂಬಾಬಾಯಿ ನಂಬಲಿಲ್ಲ.

"ಗುಡ್ಡದ ಮ್ಯಾಲಿನ ಊರು ಆಯಿ, ನಮ್ಮ ಮಹಾಬಳೇಶ್ವರ ಇದ್ದಂಗ," ಎಂದಳು ಶರಣಮ್ಮ. ಎರಡೂ ಊರನ್ನು ಅವಳು ನೋಡಿರಲಿಲ್ಲ, ಆ ಮಾತು ಬೇರೆ.

ಹೀಗೆ ಕೌದಿ ಹೊಲಿಯುವುದು ಶುರುವಾಯಿತು. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಆರಾಧನೆ ಮುಗಿದ ಮೇಲೆ ಹೆಂಗಸರೆಲ್ಲ ಸುತ್ತ ಕೂತು ಹೊಲಿದರು. ಕಣ್ಣಿಗೆ ಬೆಳಕು ನೆರಳಷ್ಟೇ ಕಾಣುವ ಅಂಬಾಬಾಯಿ ತನ್ನ ಮದುವೆಯ ಹಸಿರು ಇಳಕಲ್ ಸೀರೆಯನ್ನೇ ತಂದು ಶರಣಮ್ಮನ ಮಡಿಲಲ್ಲಿ ಇಟ್ಟಳು.

"ಪೆಟಗಿಯೊಳಗ ನುಸಿ ತಿನ್ನೂದಕಿಂತ ಒಂದು ಕೂಸು ಹೊಚ್ಕೊಳ್ಳಲಿ. ಆದ್ರ ಶರಣಿ, ಹೊಚ್ಕೊಂಡ ಕೂಸಿನ ಮಾರಿ ಹೆಂಗಿತ್ತು ಅಂತ ಬಂದು ಹೇಳಬೇಕು ನೋಡು. ಫೋಟೊ ತಂದು ಕೈಯಾಗ ಇಡಬ್ಯಾಡ, ನನಗ ಕಾಣಂಗಿಲ್ಲ."

"ನನ್ನ ಕೈಲೇ ಹೊಚ್ಚಿ ಬರ್ತೀನಿ ಆಯಿ," ಎಂದು ಶರಣಮ್ಮ ಮಾತು ಕೊಟ್ಟಳು.

ಕೌದಿ ಹೊಲಿಯುವವರು ಕೊನೆಗೆ ನಟ್ಟನಡುವೆ ಅಂಗೈಯಗಲದ ಜಾಗ ಬಿಟ್ಟಿರುತ್ತಾರೆ. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಚಿಟಿಕೆ ಜೋಳ ಹಾಕಿ, ಹಾಡು ಹೇಳಿ, ಬಾಯಿ ಮುಚ್ಚಿ ಹೊಲಿಯುತ್ತಾರೆ. ಖಾಲಿ ಹೊಟ್ಟೆಯ ಕೌದಿ ಹೊದ್ದವರು ಹಸಿದು ಮಲಗುತ್ತಾರೆ ಅನ್ನುವ ನಂಬಿಕೆ. ಹಡಪಸರದ ಹೆಂಗಸರು ಪ್ರತಿಯೊಂದು ಕೌದಿಗೂ ತಪ್ಪದೆ ಉಣಿಸಿದರು. ಅದನ್ನು ಮಧುಕರನಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ದಿನಾ ಮಾಡುವುದನ್ನು ಯಾರು ಹೇಳುತ್ತಾರೆ?

ಮಧುಕರನ ಚಿಂತೆ ಭಾರದ್ದು. "ಆಂಟಿ, ಲಗೇಜ್ ವೇಟ್ ಜಾಸ್ತಿ ಆಗತ್ತೆ. ಅಲ್ಲೇ ಬ್ಲಾಂಕೆಟ್ ತಗೊಂಡ್ರೆ ಆಯ್ತಲ್ಲ?"

"ತಗೋಪಾ. ನಿನ್ನ ಬ್ಲಾಂಕೆಟ್ಟಿಗಿ ಹೆಸರದ ಏನು? ಇದು ಅಂಬಾಬಾಯಿ, ಇದು ಬಸವಣ್ಣೆವ್ವ, ಇದು ನಾನು. ಹೆಸರಿಲ್ಲದ್ದು ಹೊಚ್ಕೊಂಡ್ರ ನಿದ್ದಿ ಬರ್ತದೇನೋ?"

ಎಲ್ಲರೂ ತಮ್ಮ ತಮ್ಮ ಬಟ್ಟೆ ಕಡಿಮೆ ಮಾಡಿಕೊಂಡು ಚೀಲಗಳಲ್ಲಿ ಕೌದಿ ತುಂಬಿದರು.

ಮಲಾವಿಯ ವಿಮಾನ ನಿಲ್ದಾಣದಲ್ಲಿ ಇಳಿದು ಚೀಲ ತಪಾಸಣೆಗೆ ನಿಂತಾಗ, ಒಬ್ಬ ಅಧಿಕಾರಿಣಿ ಮೇಲಿನ ಕೌದಿಯನ್ನು ತೆಗೆದು ನಡುವೆ ಅಮುಕಿದಳು. ಇನ್ನೊಂದನ್ನು ತೆಗೆದಳು, ಅದೇ ಜಾಗದಲ್ಲಿ ಗಂಟು. ಮತ್ತೊಂದರಲ್ಲೂ ಅಷ್ಟೇ. ಇದರೊಳಗೆ ಏನಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಮಧುಕರ್ ತಿರುಗಿದ. "ಆಂಟಿ, ಏನ್ ಹಾಕಿದೀರ ಇದ್ರಲ್ಲಿ?"

"ಏನಿಲ್ಲಪಾ, ಅದರ ಊಟ."

"ಯಾರ ಊಟ?"

"ಕೌದೀದು."

ಮಧುಕರನ ಮುಖ ಬಿಳಿಚಿತು. "ಆಂಟಿ, ಪ್ಲೀಸ್, ಜೋಕ್ ಮಾಡೋ ಟೈಮಲ್ಲ ಇದು. ಡ್ರಗ್ಸ್ ಅಂದ್ಕೋತಾರೆ! ಎಲ್ಲಾದ್ರಲ್ಲೂ ಇದ್ಯಾ?"

"ಒಂದಕ್ಕ ಉಣಿಸಿ ಇನ್ನೊಂದಕ್ಕ ಉಪವಾಸ ಕೆಡವತಾರೇನು?"

ಅಧಿಕಾರಿಣಿ ಒಂದರ ನಡುವಿನ ಹೊಲಿಗೆ ಬಿಚ್ಚಿಸಿ ನೋಡಿದಳು. ಬರೀ ಜೋಳ. ನಕ್ಕಳು, ಆದರೆ ತಲೆ ಅಲ್ಲಾಡಿಸಿದಳು. ಪರವಾನಗಿ ಇಲ್ಲದ ಹೊರದೇಶದ ಕಾಳನ್ನು ಒಳಗೆ ಬಿಡುವಂತಿಲ್ಲ, ಅದರಲ್ಲಿ ಹುಳ ಇದ್ದರೆ ಇಲ್ಲಿನ ಬೆಳೆಗೆ ಕುತ್ತು. ಕೌದಿಗಳೆಲ್ಲ ಇಲ್ಲೇ ಉಳಿಯಬೇಕು. ಅದು ಸುಳ್ಳೆಂದು ಶರಣಮ್ಮನೂ ಹೇಳುವಂತಿರಲಿಲ್ಲ. ಒಂದು ಮೂಟೆಯ ಹುಳ ಇಡೀ ಗೋದಾಮಿಗೆ ಹತ್ತುವುದನ್ನು ಮಾರ್ಕೆಟ್ ಯಾರ್ಡಿನಲ್ಲಿ ಅವಳು ಕಂಡಿದ್ದಳು.

"ಬಿಟ್ಬಿಡೋಣ ಆಂಟಿ," ಎಂದ ಮಧುಕರ್ ಮೆತ್ತಗೆ. "ಬ್ಲಾಂಕೆಟ್ ತಗೊಳ್ಳೋಣ."

"ಆಯಿಗಿ ಏನ್ ಹೇಳಲಿ? ವಿಮಾನ ನಿಲ್ದಾಣದಾಗ ಚೆಲ್ಲಿ ಬಂದೆ ಅಂತ ಹೇಳಲೇನು?" ಶರಣಮ್ಮ ಅಂಬಾಬಾಯಿಯ ಹಸಿರು ಕೌದಿಯನ್ನು ಎದೆಗೆ ಅವಚಿಕೊಂಡಳು. "ಕಾಳು ಬ್ಯಾಡಂದ್ರ ಕಾಳು ತಕ್ಕೊಳ್ಳಲಿ. ಇಲ್ಲೇ, ಆಕಿ ಕಣ್ಣ ಮುಂದ ಬಿಚ್ಚಿ ಕೊಡ್ತೀನಿ. ಒಪ್ಪತಾಳೇನು ಕೇಳು."

ಒಂದು ಕಾಳೂ ಉಳಿಯಬಾರದು ಅನ್ನುವ ಷರತ್ತಿನ ಮೇಲೆ ಆಕೆ ಒಪ್ಪಿದಳು. ತಂಡದವರೆಲ್ಲ ನೆಲದ ಮೇಲೆ ಕೂತು ಹೊಲಿಗೆ ಬಿಚ್ಚಿದರು. ಮಧುಕರ್ ಅವಸರಕ್ಕೆ ಕತ್ತರಿ ಹಾಕಹೋದ.

"ಏ, ಕೋಳಿ ಕೊಯ್ದಂಗ ಕೊಯ್ಯಬ್ಯಾಡೋ! ದಾರ ಹಿಡದು ಎಳಿ."

ಅಂಬಾಬಾಯಿಯ ಕೌದಿಯನ್ನು ಶರಣಮ್ಮ ಯಾರ ಕೈಗೂ ಕೊಡಲಿಲ್ಲ. ಬಿಚ್ಚುವಾಗ ಅವಳಿಗೆ ಉಣ್ಣುವವರ ಬಾಯಿಂದ ತುತ್ತು ಕಿತ್ತ ಹಾಗಾಯಿತು.

ಕೌದಿಗಳು ಹಳ್ಳಿ ಮುಟ್ಟಿದವು, ಖಾಲಿ ಹೊಟ್ಟೆಯಲ್ಲಿ.

ಹಳ್ಳಿಯ ಚಳಿ ಪಾಸ್ಟರ್ ಹೇಳಿದ್ದಕ್ಕಿಂತ ಹೆಚ್ಚೇ ಇತ್ತು. ಬೆಳಿಗ್ಗೆ ಮಂಜು ಇಳಿದು ಶಾಲೆಯ ಗೋಡೆ ಕಾಣುತ್ತಿರಲಿಲ್ಲ. ಶರಣಮ್ಮನ ಜೊತೆ ಒಲೆಯ ಮುಂದೆ ಕೂರುತ್ತಿದ್ದವಳು ಆ ಊರಿನ ಅಜ್ಜಿ ನಾಫಿರಿ. ಬಿಳಿ ಗೋವಿನಜೋಳದ ಹಿಟ್ಟು ತಿರುವಿ ಗಟ್ಟಿ ಮುದ್ದೆ ಮಾಡುವುದನ್ನು ನೋಡಿ ಶರಣಮ್ಮ, "ಯವ್ವಾ, ನಮ್ಮ ಸಂಗಟಿನೇ ಇದು!" ಎಂದು ಅವಳ ಭುಜ ತಟ್ಟಿದಳು. ನಾಫಿರಿ ತನ್ನ ಭಾಷೆಯಲ್ಲಿ ಏನೋ ಅಂದಳು. ಅಲ್ಲಿಂದ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ದಿನವಿಡೀ ಮಾತಾಡಿದರು, ಜಗಳವಿಲ್ಲದೆ. ನಾಫಿರಿಯ ಮೊಮ್ಮಗಳು ಚಿಕೊಂಡಿ, ತೆಳ್ಳನೆಯ ಫ್ರಾಕಿನೊಳಗೆ ಎರಡೂ ಕೈ ಎಳೆದುಕೊಂಡು, ಒಲೆಗೆ ಅಂಟಿ ಕೂರುತ್ತಿದ್ದಳು.

ಕೌದಿ ಯಾವಾಗ ಕೊಡುವುದು ಎಂದು ಮಧುಕರ್ ಕೇಳಿದಾಗಲೆಲ್ಲ ಶರಣಮ್ಮ "ನಾಳಿ" ಅನ್ನುತ್ತಿದ್ದಳು. ಕೊನೆಗೆ ಅವನು ಸಿಟ್ಟಾದ.

"ಮಕ್ಕಳು ನಡುಗ್ತಿದಾರೆ, ನೀವು ಬಚ್ಚಿಟ್ಕೊಂಡು ಕೂತಿದೀರ! ಕಾಳಿಲ್ಲ ಅಂತ ತಾನೆ? ಇಲ್ಲಿ ಮನೆಮನೆಯಲ್ಲೂ ಮೆಕ್ಕೆಜೋಳ ಇದೆ. ಕೇಳಿ ಇಸ್ಕೊಳ್ಳಿ."

"ಕೊಡಾಕಂತ ಬಂದು, ಅವ್ರ ಮನಿ ಕಾಳು ಬೇಡಲೇನು? ಯಾವ ಮಾರಿ ಹೊತ್ಕೊಂಡು ಬೇಡಲಿ?"

ಅಷ್ಟರಲ್ಲಿ ಚಿಕೊಂಡಿ ಕೆಮ್ಮಿದಳು. ಒಮ್ಮೆ, ಮತ್ತೆ ಒಮ್ಮೆ. ಶರಣಮ್ಮ ಎದ್ದು ಒಳಗೆ ಹೋಗಿ ಅಂಬಾಬಾಯಿಯ ಕೌದಿ ತಂದಳು. ನಾಫಿರಿಯ ಮುಂದೆ ಕೂತು, ತೆರೆದ ಹೊಟ್ಟೆಯನ್ನು ತೋರಿಸಿ, ಖಾಲಿ ಬೊಗಸೆ ಒಡ್ಡಿದಳು.

ನಾಫಿರಿ ಕೌದಿ ನೋಡಿದಳು, ಬೊಗಸೆ ನೋಡಿದಳು. ಶಾಲೆಯ ಮಾಸ್ತರರನ್ನು ಕರೆಸಿದರು. ಶರಣಮ್ಮ ಕನ್ನಡದಲ್ಲಿ, ಮಧುಕರ್ ಇಂಗ್ಲಿಷಿನಲ್ಲಿ, ಮಾಸ್ತರರು ಅವರ ಭಾಷೆಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಮುದುಕಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳ ಮಾತು ಅದೇ ದಾರಿಯಲ್ಲಿ ವಾಪಸು ಬಂತು: "ಈ ಶಾಲೆಗೆ ದೂರದಿಂದ ಬಂದವರು ಬಹಳ. ಎಲ್ಲರೂ ಕೊಟ್ಟು ಹೋದರು. ನಮ್ಮನ್ನು ಏನಾದರೂ ಕೇಳಿದವಳು ನೀನೇ ಮೊದಲು. ಅದೂ ಬಟ್ಟೆಗೆ ಉಣಿಸೋದಕ್ಕೆ!"

ಬಿಸಿಲು ಏರುವ ಮುಂಚೆ ಊರಿನ ಅಜ್ಜಿಯರೆಲ್ಲ ಬುಟ್ಟಿಗಳಲ್ಲಿ ಗೋವಿನಜೋಳ ಹಿಡಿದು ಬಂದರು. ಶಾಲೆಯ ಅಂಗಳದಲ್ಲಿ ಕೌದಿ ಹಾಸಿ, ಸೂಜಿ ಹಂಚಿಕೊಂಡು ಕೂತರು. ಮಕ್ಕಳು ಒಬ್ಬೊಬ್ಬರಾಗಿ ಬಂದು ತಮ್ಮ ಕೌದಿಗೆ ತಾವೇ ಕಾಳು ಹಾಕಿದರು, ಅಜ್ಜಿಯರು ಬಾಯಿ ಮುಚ್ಚಿ ಹೊಲಿದರು. ಶರಣಮ್ಮ ತನ್ನ ಊರಿನ ಭಜನೆಯ ಹಾಡು ಎತ್ತಿದಳು. ಪದ ತಿಳಿಯದ ಆ ಹೆಂಗಸರು ಅದಕ್ಕೆ ಎಂಥ ದನಿ ಕೂಡಿಸಿದರೆಂದರೆ, ತನ್ನ ಹಾಡೇ ಹೌದೋ ಅಲ್ಲವೋ ಎಂದು ಅವಳೇ ಒಂದು ಕ್ಷಣ ನಿಲ್ಲಿಸಿ ಕೇಳಿದಳು. ಚಿಕೊಂಡಿ ಒಂದು ಕಾಳು ಹಾಕಿದಳು, ಯೋಚಿಸಿದಳು, ಮತ್ತೆ ಒಂದು ಹಿಡಿ ತುರುಕಿದಳು. ತನ್ನ ಕೌದಿಗೆ ಹಸಿವು ಹೆಚ್ಚು ಅಂದುಕೊಂಡಳೋ ಏನೋ.

ಹೊಲಿಗೆ ಮುಗಿದ ಮೇಲೆ ಶರಣಮ್ಮ ಹಸಿರು ಕೌದಿಯನ್ನು ಹುಡುಗಿಯ ಹೆಗಲ ಮೇಲೆ ಹೊದಿಸಿದಳು. ಕೆನ್ನೆ ಸವರಲು ಅಭ್ಯಾಸದಂತೆ ಕೈ ಮಗುಚಿದವಳು ತಡೆದು, ಅಂಗೈ ಮೂಸಿ ನೋಡಿಕೊಂಡಳು. ಹಿಟ್ಟು ಮತ್ತು ಹೊಗೆಯ ವಾಸನೆ, ಅಷ್ಟೇ. ನಾಲಿಗೆ ತುದಿ ತಾಗಿಸಿದಳು. ಖಾರವಿಲ್ಲ. ಆಗ ಅಂಗೈ ಬಿಚ್ಚಿ ಆ ಕೆನ್ನೆಯನ್ನು ತುಂಬ ಹಿಡಿದಳು.

ಪುಣೆಗೆ ಬಂದ ದಿನ ಅವಳು ಮನೆಗೆ ಹೋಗುವ ಮೊದಲು ಅಂಬಾಬಾಯಿಯ ಬಾಗಿಲಿಗೆ ಹೋದಳು. ಮರುದಿನದಿಂದ ಮತ್ತೆ ಮೆಣಸಿನಕಾಯಿ ಇತ್ತು.

"ಬಂದಿ ಏನ ಶರಣಿ? ಕೂಸಿನ ಮಾರಿ ಹೆಂಗಿತ್ತು?"

ಶರಣಮ್ಮ ಹತ್ತಿರ ಕೂತಳು. ಮುದುಕಿಯ ಎರಡೂ ಕೆನ್ನೆಗೆ ಅಂಗೈ ಒತ್ತಿ ಹಿಡಿದಳು.

"ಹಿಂಗ, ಆಯಿ. ಇಷ್ಟ ಬೆಚ್ಚಗಿತ್ತು."

ಅಂಬಾಬಾಯಿ ಆ ಕೈಗಳನ್ನು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ, "ಖಾರಿಲ್ಲಲ್ಲ ನಿನ ಕೈ!" ಎಂದು ಬೆರಗಾಗಿ ನಕ್ಕಳು.

ಹಡಪಸರದ ಹೆಂಗಸರು ಈಗ ಮತ್ತೆ ಕೌದಿ ಹೊಲಿಯುತ್ತಿದ್ದಾರೆ. ಈ ಸಲ ಹೊಟ್ಟೆಯ ಜಾಗ ತೆರೆದೇ ಬಿಡುತ್ತಾರೆ. ಪ್ರತಿ ಚೀಲದಲ್ಲೂ ಒಂದೊಂದು ಸೂಜಿ, ಒಂದು ಉಂಡೆ ದಾರ ಇಡುವುದು ಮಧುಕರನ ಕೆಲಸ.