ಮಾವನ ತಾಳ, ಅತ್ತೆಯ ಹೆಜ್ಜೆ

ಮೊನ್ನೆ ನಮ್ಮ ಮಾವ ಅತ್ತೆಯನ್ನು ಬೀಳಿಸಿಯೇಬಿಡುತ್ತಿದ್ದರು. ಅದೂ ಪ್ರೀತಿಯಿಂದ.

ಅತ್ತೆಗೆ ಪಾರ್ಕಿನ್ಸನ್ಸ್. ನಡೆಯುವಾಗ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತದೆ. ಎಲ್ಲಿಗೆ ಹೋಗಬೇಕಾದರೂ ನನ್ನ ಕೈ ಬೇಕು.

"ಬಚ್ಚಲಿಗಿ ಹೋಗ್ಲಾಕೂ ಸೊಸಿ ಕೈ ಹಿಡೀಬೇಕು ನೋಡವ್ವಾ ನಾ" ಅಂತ ಒಂದಿನ ಅಂದರು.

ಉದಗೀರದ ಫಿಜಿಯೊ ಮೇಡಂ ಮರಾಠಿಯಲ್ಲಿ ತಿಳಿಸಿ ಹೇಳಿದರು. ಒಂದೇ ಸಮ ಬೀಳುವ ಸಪ್ಪಳ ಕೇಳಿಸಿದರೆ ಕಾಲು ಅದರ ಜೊತೆ ಏಳುತ್ತದಂತೆ. ಆಮೇಲೆ ಸಪ್ಪಳ ನಿಲ್ಲಿಸಿ, ಮನಸ್ಸಲ್ಲೇ ಅದನ್ನು ಇಟ್ಟುಕೊಂಡು ನಡೆಯೋದು ಕಲಿಸಬೇಕಂತೆ. ಮೊಬೈಲಿಗೆ ಒಂದು ಟಿಕ್ ಟಿಕ್ ಆ್ಯಪ್ ಹಾಕಿಕೊಟ್ಟರು.

ಅದನ್ನು ಕೇಳಿದರೆ ಹಲ್ಲಿ ನುಡಿದ ಹಾಗಾಗುತ್ತದೆ ಅಂತ ಅತ್ತೆ ಬೇಡ ಅಂದರು.

ಮಾವ ನಮ್ಮೂರು ಗುಂಜೋಟಿಯ ಭಜನೆಯಲ್ಲಿ ತಾಳ ಹಾಕುವವರು. ಮೊಬೈಲು ಯಾಕೆ, ನಾನಿಲ್ಲವಾ ಅಂತ ತಾಳ ಹಿಡಿದು ಅಂಗಳಕ್ಕೆ ಬಂದೇಬಿಟ್ಟರು.

ಶುರು ಚೆನ್ನಾಗೇ ಇತ್ತು. ಅತ್ತೆ ಸಲೀಸಾಗಿ ಹೆಜ್ಜೆ ಹಾಕಿದರು.

ಆದರೆ ಭಜನೆಯವರ ಕೈ ಗೊತ್ತಲ್ಲ... ನಿಧಾನ ಶುರುವಾಗಿ ಮುಗಿಯೋದರೊಳಗೆ ಓಡುತ್ತಿರುತ್ತದೆ. ಮಾವನ ಕಣ್ಣು ಮುಚ್ಚಿತು, ತಾಳ ಜೋರಾಯಿತು, ಅತ್ತೆಯ ಕಾಲೂ ಅದರ ಬೆನ್ನು ಹತ್ತಿತು. ನಾನು ಓಡಿಹೋಗಿ ತಬ್ಬಿ ಹಿಡಿದೆ.

"ನಿಮ್ಮ ಭಜನಿ ಮಂಗಳಾರತಿಗಿ ಬಂತು, ನಾ ಗಟಾರದಾಗ ಬೀಳ್ತಿದ್ದೆ" ಅಂದರು ಅತ್ತೆ. ಮಾವ ತಾಳ ಒಳಗಿಟ್ಟರು.

ಮರುದಿನ ಬೆಳಿಗ್ಗೆ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದೆ. ತಿರುಗಿ ನೋಡಿದರೆ ಅತ್ತೆ ಗೋಡೆ ಹಿಡಿದು ಎದ್ದು ನಿಂತಿದ್ದಾರೆ, ಹಿಮ್ಮಡಿ ನನ್ನ ಕೈ ಬಡಿತಕ್ಕೆ ಸರಿಯಾಗಿ ಏಳುತ್ತಿದೆ. ರೊಟ್ಟಿ ಬಡಿಯೋ ಕೈಗೆ ಅವಸರ ಇರೋದಿಲ್ಲ ನೋಡಿ, ಅವಸರ ಮಾಡಿದರೆ ರೊಟ್ಟಿ ಹರಿಯುತ್ತದೆ.

ಎದ್ದು ಹಿಡಿಯೋಣ ಅಂದುಕೊಂಡೆ. ಅವರು ಕೈಯಲ್ಲೇ ಬಡಿ, ಬಡಿ ಅಂತ ಸನ್ನೆ ಮಾಡಿದರು. ಗೋಡೆ ಬಿಟ್ಟು ಹಿತ್ತಲ ಬಚ್ಚಲ ಕಡೆ ಹೊರಟರು.

ರೊಟ್ಟಿ ದೊಡ್ಡದಾಯಿತು. ಹಂಚಿಗೆ ಹಾಕಲೇಬೇಕು... ಸಪ್ಪಳ ನಿಂತಿತು.

ಅತ್ತೆ ನಿಲ್ಲಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿದೆ, ಹೆಜ್ಜೆ ಅದೇ ಲೆಕ್ಕದಲ್ಲಿ ಬೀಳುತ್ತಿದೆ. ಬಚ್ಚಲಿಗೆ ಹೋದರು, ಬಾಗಿಲು ಮುಂದೆ ಮಾಡಿದರು. ಒಳಗಿಂದ ಚಿಲಕ ಬಿದ್ದದ್ದು ಕೇಳಿಸಿತು.

ಗಾಬರಿಯಾಗಿ ಓಡಿಹೋಗಿ ಬಾಗಿಲಲ್ಲಿ ನಿಂತೆ.

"ನೀ ಹೋಗು. ಬೇಕಾದ್ರ ಕರೀತೀನಿ."

ವಾಪಸ್ ಒಲೆ ಹತ್ತಿರ ಬಂದರೆ ಹಂಚಿನ ಮೇಲೆ ರೊಟ್ಟಿ ಸೀದುಹೋಗಿತ್ತು. ನಾನು ಅಲ್ಲೇ ನಿಂತು ಕಣ್ಣೊರೆಸಿಕೊಂಡೆ.

ಅತ್ತೆಯ ಬಾಯಲ್ಲಿ "ನೀ ಹೋಗು" ಅನ್ನಿಸಿಕೊಂಡು ಇಷ್ಟು ಖುಷಿಪಟ್ಟ ಸೊಸೆ ನಾನೊಬ್ಬಳೇನಾ?