ತೌಡಿನ ಲಾರಿಯಲ್ಲಿ ಬಳ್ಳಾರಿಗೆ

ಇವತ್ತು ಸಿರುಗುಪ್ಪದ ಅಕ್ಕಿ ಗಿರಣಿಯ ಮುಂದೆ ಹಾದಾಗ ತೌಡಿನ ಬೆಚ್ಚನೆಯ ವಾಸನೆ ಮೂಗಿಗೆ ಬಡಿಯಿತು. ಚಿಕ್ಕಂದಿನಲ್ಲಿ ಅವ್ವನ ಜೊತೆ ಬಳ್ಳಾರಿಗೆ ಹೋದ ದಿನ ಕಣ್ಣ ಮುಂದೆ ಬಂತು.

ಅವ್ವನಿಗೂ ಬಳ್ಳಾರಿಯ ದೊಡ್ಡವ್ವನಿಗೂ ಯಾವುದೋ ಮದುವೆಯಲ್ಲಿ ಜಗಳವಾಗಿ ಮಾತು ನಿಂತಿತ್ತು. ದೊಡ್ಡವ್ವ ಆಪರೇಷನ್ ಆಗಿ ಮನೆಗೆ ಬಂದಿದ್ದಾಳೆಂದು ಯಾರೋ ಹೇಳಿದರು.

"ಅವ್ರು ನಮಗ ಹೇಳಿ ಕಳಿಸಿಲ್ಲ, ಸುಮ್ಕಿರು," ಎಂದರು ಅಪ್ಪ.

"ನಮ್ಮಕ್ಕನ್ನ ನೋಡಾಕ ಹೇಳಿ ಕಳಿಸಬೇಕೇನ್ರಿ? ನಾ ಹೊಂಟೆ," ಎಂದ ಅವ್ವ, ಜೋಳದ ರೊಟ್ಟಿ ಕಟ್ಟಿಕೊಂಡು ನನ್ನ ಜೊತೆ ಬಸ್ಸು ಹತ್ತಿದಳು.

ಅರ್ಧ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. "ಇನ್ನೊಂದು ಬಸ್ ಬರೋತನ ಕುಂದರ್ರಿ ಅಮ್ಮಾ," ಎಂದ ಕಂಡಕ್ಟರ್. ಅವ್ವ ಕೂರಲಿಲ್ಲ. ತೌಡಿನ ಮೂಟೆ ಹೇರಿಕೊಂಡು ಬಂದ ಲಾರಿಗೆ ಕೈ ಅಡ್ಡ ಹಿಡಿದಳು. ಒಳಗೆ ಜಾಗವಿಲ್ಲವೆಂದ ಡ್ರೈವರ್.

"ಮ್ಯಾಲೆ ಕುಂದರ್ತೀವಿ ಬಿಡಪ್ಪ!"

ಮೂಟೆಗಳ ಮೇಲೆ ನನ್ನನ್ನು ಹತ್ತಿಸಿ ತಾನೂ ಹತ್ತಿದಳು. ದಾರಿಯುದ್ದಕ್ಕೂ ಒಂದು ಕೈಯಲ್ಲಿ ನನ್ನನ್ನು, ಇನ್ನೊಂದರಲ್ಲಿ ರೊಟ್ಟಿಯ ಗಂಟನ್ನು ಬಿಗಿಯಾಗಿ ಹಿಡಿದಿದ್ದಳು.

ಮಂಚದ ಮೇಲೆ ಮಲಗಿದ್ದ ದೊಡ್ಡವ್ವ, ಮೈತುಂಬಾ ತೌಡು ಮೆತ್ತಿಕೊಂಡು ಬಾಗಿಲಲ್ಲಿ ನಿಂತ ನಮ್ಮನ್ನು ನೋಡಿದಳು.

"ಯಾಕ ಬಂದಿ?"

"ಬೈಯಾಕ ಬಂದೀನಿ. ಮೊದ್ಲ ಉಣ್ಣು, ಆಮ್ಯಾಲೆ ಬೈತೀನಿ."

ಅವ್ವ ಕೈಕಾಲು ತೊಳೆದು, ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಅಕ್ಕನ ಬಾಯಿಗಿಟ್ಟಳು. ದೊಡ್ಡವ್ವನಿಗೆ ನಗು ಬಂತು. ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಅತ್ತಳು.

ಈಗ ಇಬ್ಬರಿಗೂ ವಯಸ್ಸಾಗಿದೆ. ಇವತ್ತು ಬೆಳಿಗ್ಗೆಯೂ ಫೋನಿನಲ್ಲಿ ಜೋರು ಜಗಳ ನಡೆದಿತ್ತು. ಆದರೆ ಫೋನಿಡಲು ಇಬ್ಬರೂ ಒಪ್ಪಲಿಲ್ಲ.