ಜೋಳದ ಹೊಲದಲ್ಲಿ ಸಿಡಿದ ಪಟಾಕಿ

ನಮ್ಮ ಮಾವನವರಿಗೂ, ನಮ್ಮ ಜೋಳದ ಹೊಲದ ಪಕ್ಕದಲ್ಲಿ ಸಸಿ ನರ್ಸರಿ ನಡೆಸುವ ಮುಸ್ಲಿಂ ಕುಟುಂಬಕ್ಕೂ ಮಾತು ನಿಂತು ಆಗ ಎರಡು ವರ್ಷವಾಗಿತ್ತು. ಮಳೆ ನೀರು ಬದುವಿನ ಯಾವ ಕಡೆಯಿಂದ ಹರಿದುಹೋಗಬೇಕು ಎಂಬುದರ ಮೇಲೆ ಶುರುವಾದ ಜಗಳ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮುಂದಿನದನ್ನು ಕೇಳಿದವರೆಲ್ಲ ಅವರಿಬ್ಬರೂ ಹಳೆಯ ಗೆಳೆಯರಿರಬೇಕು ಎಂದುಕೊಳ್ಳುತ್ತಾರೆ. ಗೆಳೆಯರಾಗಿರಲಿಲ್ಲ.

ಆ ಶನಿವಾರ ನಾನು ಅರಸೀಕೆರೆಯಲ್ಲಿ, ತವರುಮನೆಯಲ್ಲಿದ್ದೆ. ದೂರದ ಉತ್ತರದ ಊರೊಂದರ ಸಂತೆಯಲ್ಲಿ ಉಗ್ರರು ಜನರ ಮೇಲೆ ಗುಂಡು ಹಾರಿಸಿದ ಸುದ್ದಿ ಸಂಜೆ ಟಿವಿಯಲ್ಲಿ ಬಂತು. ಸತ್ತವರ ಫೋಟೋಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಆರಿಸೇ ಅದ್ನ, ನೋಡಕ್ಕಾಗಲ್ಲ" ಎಂದರು.

ಮರುದಿನ ಬಂದ್ ಎಂದು ತಿಳಿದಿದ್ದರಿಂದ ಬೆಳಿಗ್ಗೆ ಮೊದಲ ಬಸ್ಸಿಗೇ ಹಳೇಬೀಡಿಗೆ ಹೊರಟೆ. ಹಾರನಹಳ್ಳಿ ದಾಟುವಷ್ಟರಲ್ಲಿ ಮುಂದಿನ ಸೀಟಿನವರು ಮೊಬೈಲಿನಲ್ಲಿ ಬಂದಿದ್ದ ಧ್ವನಿ ಸಂದೇಶವೊಂದನ್ನು ಎಲ್ಲರಿಗೂ ಕೇಳುವಂತೆ ಹಾಕಿದರು. "ಹಳೇಬೀಡ್ ಹತ್ರ ನರ್ಸರಿಯವ್ರು ನಿನ್ನೆ ಸಂಜೆ ಸುದ್ದಿ ಬತ್ತಿದ್ದಂಗೇ ಪಟಾಕಿ ಹೊಡ್ದು ಹಬ್ಬ ಮಾಡವ್ರೆ. ಎಲ್ರಿಗೂ ಕಳ್ಸಿ." ಬಸ್ಸಿನ ಸದ್ದಿನಲ್ಲಿ ಆ ದನಿ ಯಾರದೆಂದು ಹೊಳೆಯಲಿಲ್ಲ. ಅಷ್ಟರಲ್ಲಿ ನನ್ನ ಫೋನಿಗೂ ಅದೇ ಬಂತು. ನಾನು ಗೆಂಡೆಹಳ್ಳಿಯ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಕಣ್ಣಾರೆ ನೋಡದೆ ಏನನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳುವವಳು. ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಅದನ್ನು ಕಳಿಸಿ, ಕಿಟಕಿಗೆ ತಲೆಯಾನಿಸಿ ಕುಳಿತೆ.

ಹಳೇಬೀಡಿನಲ್ಲಿ ಅಂಗಡಿಗಳ ಬಾಗಿಲು ಮುಚ್ಚಿದ್ದವು, ಬಸ್ ನಿಲ್ದಾಣದ ಮುಂದೆ ಪೊಲೀಸ್ ವ್ಯಾನು ನಿಂತಿತ್ತು. ಆಟೋ ಒಂದಕ್ಕೆ ಮೈಕು ಕಟ್ಟಿ, ಹನ್ನೊಂದು ಗಂಟೆಗೆ ಶಾಂತಿ ಸಭೆ, ಯಾರೂ ವದಂತಿಗೆ ಕಿವಿಗೊಡಬಾರದು ಎಂದು ಸಾರುತ್ತಿದ್ದರು. ನನ್ನ ಗಂಡ ಸ್ಕೂಟರ್ ತಂದಿದ್ದರು. ನಮ್ಮೂರ ಹತ್ತಿರ ನರ್ಸರಿ ಕಾಣಿಸಿತು. ಹಸಿರು ನೆರಳು ಪರದೆಯನ್ನು ಯಾರೋ ಕುಯ್ದು ಎಳೆದಿದ್ದರು. ಮೆಣಸಿನ ಸಸಿ, ಟೊಮೆಟೊ ಸಸಿಗಳ ತಟ್ಟೆಗಳು ರಸ್ತೆಯವರೆಗೆ ಮಗುಚಿ ಬಿದ್ದಿದ್ದವು. ಮೇಲೆಲ್ಲ ಬೈಕಿನ ಗಾಲಿಯ ಗುರುತು. ಹಿಂದಿನ ಮನೆಯ ಕದ ಮುಚ್ಚಿತ್ತು, ಒಳಗೆ ಮಗುವೊಂದು ಅಳುವುದು ಕೇಳುತ್ತಿತ್ತು. "ಬೆಳಿಗ್ಗೆ ಯಾರೋ ಬಂದಿದ್ರಂತೆ" ಎಂದಷ್ಟೇ ಹೇಳಿ ಗಂಡ ಗಾಡಿಯ ವೇಗ ಹೆಚ್ಚಿಸಿದರು. ನಾನು ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದೆ.

ಮಾವ ಹಿತ್ತಲಲ್ಲಿ ಮೇವು ಕತ್ತರಿಸುತ್ತಿದ್ದರು. ನರ್ಸರಿಗೆ ಹೀಗೇಕಾಯಿತು ಎಂದು ಕೇಳಿದರು. ನಾನು ಆ ಧ್ವನಿಯನ್ನು ಹಾಕಿದೆ. ಕೇಳಿದವರು, "ಇನ್ನೊಂದ್ಸಲ ಹಾಕಮ್ಮ" ಎಂದರು. ಎರಡನೆಯ ಸಲ ಮುಗಿದಾಗ ಮಚ್ಚನ್ನು ಕೆಳಗಿಟ್ಟರು.

"ಇದು ನಮ್ಮಣ್ಣನ ಮಗನ ದನಿ ಅಲ್ವೇನಮ್ಮ?"

ಹೌದು, ಅವರದೇ. ನಮ್ಮೂರಲ್ಲೇ ಇದ್ದು ಹಳೇಬೀಡಿನಲ್ಲಿ ಸಿಮೆಂಟ್ ಅಂಗಡಿ ಇಟ್ಟಿರುವ, ನಾನು ಭಾವ ಎಂದು ಕರೆಯುವ ಮನುಷ್ಯ.

"ಪಟಾಕಿ ಹೊಡ್ದಿದ್ದು ನಾನು ಕಣಮ್ಮ" ಎಂದರು ಮಾವ. "ನಿನ್ನೆ ಸಂಜೆ ಹಂದಿ ಜೋಳಕ್ಕೆ ನುಗ್ಗಿದ್ವು. ದೀಪಾವಳಿದು ಉಳ್ದಿತ್ತಲ್ಲ, ನಾಕು ಹಚ್ದೆ."

ನನ್ನ ಗಂಡ ತಕ್ಷಣ ಬಾಗಿಲು ಮುಂದೆ ಮಾಡಿದರು. "ಅಪ್ಪ, ಇವತ್ತು ಬಾಯಿ ಬಿಡ್ಬೇಡಿ. ಜನ ರೊಚ್ಚಿಗೆದ್ದವ್ರೆ. ನಿಮ್ಮನ್ನೂ ದೇಶದ್ರೋಹಿ ಅಂತಾರೆ. ದೊಡ್ಡಪ್ಪನ ಮನೇರು ಏನಂದ್ಕಂಡಾರು? ಅಷ್ಟಕ್ಕೂ ಆ ನರ್ಸರಿಯವ್ನು ನಿಮಗೇನಾಗ್ಬೇಕು?"

"ಅವ್ನು ನನಗೇನೂ ಆಗ್ಬೇಕಿಲ್ಲ. ಪಟಾಕಿ ನಂದಲ್ವೇನ್ಲಾ?"

ಮಾವ ಕೈಕಾಲು ತೊಳೆದು, ಮದುವೆಗೆ ಹೋಗುವಾಗ ಹಾಕುವ ಬಿಳಿ ಅಂಗಿ ಹಾಕಿಕೊಂಡು ಶಾಂತಿ ಸಭೆಗೆ ಹೊರಟರು. ಗಂಡ ಸ್ಕೂಟರಿನ ಕೀಲಿ ಕೊಡದೆ ನಿಂತಿದ್ದರು. ನಾನು ಕೈಚಾಚಿದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಕೊಟ್ಟರು. ದಾರಿಯಲ್ಲಿ ಮಾವ ಎರಡು ಸಲ ಗಾಡಿ ನಿಲ್ಲಿಸಲು ಹೇಳಿ, ಮತ್ತೆ ತಾವೇ "ನಡಿಯಮ್ಮ" ಎಂದರು. ಅವರೂ ಹೆದರುತ್ತಾರೆಂದು ನನಗೆ ಗೊತ್ತಾದದ್ದು ಆವತ್ತೇ.

ಸಭೆಯಲ್ಲಿ ಇನ್ಸ್‌ಪೆಕ್ಟರು, ಊರ ಮುಖಂಡರು, ಮಸೀದಿಯ ಹಿರಿಯರು ಎಲ್ಲ ಇದ್ದರು. ಒಬ್ಬೊಬ್ಬರೂ ಎದ್ದು ನಾವೆಲ್ಲ ಅಣ್ಣತಮ್ಮಂದಿರು ಎಂದು ಹೇಳಿ ಕೂರುತ್ತಿದ್ದರು. ನರ್ಸರಿಯವರು ಗೋಡೆಗೆ ಒರಗಿ ನಿಂತಿದ್ದರು. ಯಾರೂ ಅವರತ್ತ ನೋಡುತ್ತಿರಲಿಲ್ಲ. ಭಾವ ಮೂರನೆಯ ಸಾಲಿನಲ್ಲಿದ್ದರು.

ಮಾವ ಕೈಯೆತ್ತಲಿಲ್ಲ, ಅಪ್ಪಣೆ ಕೇಳಲಿಲ್ಲ. ಎದ್ದು ನಿಂತರು.

"ನಿನ್ನೆ ಸಂಜೆ ಪಟಾಕಿ ಹೊಡ್ದೋನು ನಾನು ಸ್ವಾಮಿ. ಹಂದಿ ಓಡ್ಸಕ್ಕೆ. ಅವಾಗಿನ್ನೂ ಟಿವಿ ನೋಡಿರ್ಲಿಲ್ಲ. ಮನೆಗೋಗಿ ನೋಡಿದ್ಮೇಲೆ ಅನ್ನ ಗಂಟಲಲ್ಲಿ ಇಳೀಲಿಲ್ಲ. ಆ ಸತ್ತೋರ ಹೆಸರು ಹೇಳ್ಕಂಡು ಇಲ್ಲಿ ಸಸಿ ತುಳ್ದವ್ರೆ. ಸತ್ತೋರಿಗೆ ಅದ್ರಿಂದ ಏನ್ ಬಂತು?"

ಹಿಂದಿನಿಂದ ಯಾರೋ ಕೂಗಿದರು: "ಅವ್ರ ಪರ ವಕಾಲತ್ತಿಗೆ ಬಂದ್ಯಾ ಯಜಮಾನ?"

"ಇಲ್ಲ ಕಣಪ್ಪ. ಅವ್ನಿಗೂ ನಂಗೂ ಮಾತಿಲ್ಲ, ಊರಿಗೇ ಗೊತ್ತು. ನಾನ್ ಮಾಡಿದ್ನ ನಾನ್ ಮಾಡ್ದೆ ಅನ್ನಕ್ಕೆ ಬಂದಿದೀನಿ."

ಇನ್ಸ್‌ಪೆಕ್ಟರು ಮೆಲ್ಲಗೆ, "ಆ ಮೆಸೇಜು ಯಾರು ಕಳಿಸಿದ್ದು, ನಿಮಗೇನಾದ್ರೂ ಗೊತ್ತಾ?" ಎಂದರು. ಮಾವ ಅಣ್ಣನ ಮಗನ ಕಡೆ ತಿರುಗಿ ನೋಡಲಿಲ್ಲ. "ಅದೂ ನಮ್ಮನೇದೇ. ನಾಳೆ ನಾನೇ ಸ್ಟೇಷನ್ನಿಗೆ ಕರ್ಕಂಡ್ ಬತ್ತೀನಿ" ಎಂದರು. ಭಾವ ತಲೆ ತಗ್ಗಿಸಿಕೊಂಡರು.

ಪಟಾಕಿ ಹೊಡೆದದ್ದು ತಾವೇ ಎಂಬ ಮಾವನ ಮಾತನ್ನೇ ಧ್ವನಿಯಾಗಿ ಎಲ್ಲ ಗುಂಪುಗಳಿಗೂ ಕಳಿಸೋಣ ಎಂದು ಇನ್ಸ್‌ಪೆಕ್ಟರು ಹೇಳಿದಾಗ ಮಾವ ಗಾಬರಿಯಾದರು. ಅದುವರೆಗೆ ಅವರು ಫೋನಿನಲ್ಲಿ ಕರೆ ಬಿಟ್ಟು ಬೇರೇನೂ ಮಾಡಿದವರಲ್ಲ. ನಾನು ಗುಂಡಿ ಒತ್ತಿ ಹಿಡಿದೆ. ಮಾವ ತಮ್ಮ ಹೆಸರು, ಊರು, ಅಪ್ಪನ ಹೆಸರು ಎಲ್ಲ ಹೇಳಿ, ಹಂದಿಯ ಕತೆ ಹೇಳಿ, ಕೊನೆಗೆ "ಇಷ್ಟೇ, ಇಡ್ಲಾ?" ಎಂದರು. ಅದೂ ಸೇರಿಯೇ ರೆಕಾರ್ಡಾಯಿತು. ಸಭೆಯಲ್ಲಿ ಮೊದಲ ಸಲ ನಗು ಕೇಳಿಸಿತು. ನಾನು ಅದನ್ನು ನಮ್ಮ ಶಿಕ್ಷಕರ ಗುಂಪಿಗೂ ಹಾಕಿ, ಕೆಳಗೆ ಬರೆದೆ: "ಬೆಳಿಗ್ಗೆ ಸುಳ್ಳನ್ನು ವಿಚಾರಿಸದೆ ಕಳಿಸಿದವಳು ನಾನು. ಈಗ ಮಾತಾಡುತ್ತಿರುವವರು ನನ್ನ ಮಾವ. ಕ್ಷಮಿಸಿ." ಬರೆಯುವಾಗ ಕಿವಿ ಬಿಸಿಯಾಗಿತ್ತು. ಅವರು ಇಡೀ ಊರಿನ ಮುಂದೆ ಮಾಡಿದ್ದರ ಕಾಲುಭಾಗವೂ ಅದಲ್ಲ.

ಸಂಜೆಯೊಳಗೆ ಆ ಧ್ವನಿ ಬೇಲೂರಿಗೂ ಅರಸೀಕೆರೆಯಲ್ಲಿದ್ದ ಅಮ್ಮನಿಗೂ ಮುಟ್ಟಿತ್ತು. ಮರುದಿನ ಅಂಗಡಿಗಳು ತೆರೆದವು. ಮಾವ ಹೇಳಿದಂತೆ ಅಣ್ಣನ ಮಗನನ್ನು ಠಾಣೆಗೆ ಕರೆದೊಯ್ದರು. ಪೊಲೀಸರು ತಪ್ಪೊಪ್ಪಿಗೆ ಬರೆಸಿಕೊಂಡು, ಎಚ್ಚರಿಕೆ ಕೊಟ್ಟು ಕಳಿಸಿದರು. ಅಲ್ಲಿಂದ ಬರುವಾಗ ಮಾವ ನರ್ಸರಿಯ ಬಳಿ ಇಳಿದು, ಹರಿದ ಪರದೆಯ ಒಂದು ತುದಿ ಹಿಡಿದುಕೊಂಡರು. ಇನ್ನೊಂದು ತುದಿಯನ್ನು ನರ್ಸರಿಯವರು ಹಿಡಿದರು. ಸೂಜಿ ದಾರ ತಂದು ಹೊಲಿದದ್ದು ಅವರ ಹೆಂಡತಿ. ಮೂವರೂ ಹೆಚ್ಚು ಮಾತಾಡಲಿಲ್ಲವಂತೆ.

ದೊಡ್ಡಮಾವನ, ಅಂದರೆ ಮಾವನ ಅಣ್ಣನ, ಮನೆಯವರು ಆಮೇಲೆ ಆರು ತಿಂಗಳು ನಮ್ಮ ಹೊಸಿಲು ತುಳಿಯಲಿಲ್ಲ. ಅವರ ಮನೆಯ ನಾಮಕರಣಕ್ಕೆ ನಮ್ಮನ್ನು ಕರೆಯಲಿಲ್ಲ. ಮಾವ ಆ ದಿನ ಊಟ ಬಿಟ್ಟು ಹೊಲದಲ್ಲೇ ಇದ್ದರು. ಅಣ್ಣನೆಂದರೆ ಅವರಿಗೆ ಅಷ್ಟು ಜೀವ.

ಕೊನೆಗೆ ಒಂದು ಮಧ್ಯಾಹ್ನ ಭಾವ ಒಬ್ಬರೇ ಬಂದರು. ಜಗಲಿಯಲ್ಲಿ ಕುಳಿತು, "ಎಲ್ರು ಮುಂದೆ ನನ್ನ ಮಾನ ತೆಗೆದ್ರಿ ಚಿಕ್ಕಪ್ಪ" ಎಂದರು.

"ನಿನ್ ಮಾನ ತೆಗೀಲಿಲ್ಲ ಕಣ್ಲಾ. ನಮ್ಮನೆ ಮಾನ ಉಳಿಸ್ಕಂಡೆ. ಏಳು, ಉಣ್ಣು."

ಭಾವ ಎದ್ದು ಕೈ ತೊಳೆದರು. ಆಮೇಲೆ ಒಳಗೆ ಬಂದು ತಟ್ಟೆಯ ಮುಂದೆ ಕುಳಿತರು. ನಾನು ಮುದ್ದೆ ಬಡಿಸಿದೆ. ಎರಡನೆಯದನ್ನೂ ಹಾಕಿಸಿಕೊಂಡು ಉಂಡರು.